ಕೂಲಿ ಸರಿಹೋದರೆ ನ್ಯಾಯ ಸಿಕ್ಕಂತಾಯಿತೇ?

ಕಾಫಿ ಕುಯ್ಲಿನ ಕಾಲದಲ್ಲಿ ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರು ಕಡೆ ಯಾವ ಹೋಟೆಲಿನಲ್ಲಿ ಕೂತರೂ ಎರಡು ಮಾತು ಕಿವಿಗೆ ಬೀಳುತ್ತವೆ. ತೋಟದವರು ‘ಆಳೇ ಸಿಗೋದಿಲ್ಲ’ ಅನ್ನುತ್ತಾರೆ. ಆಳುಗಳು ‘ಈ ಕೂಲೀಲಿ ಸಂಸಾರ ನಡೆಯೋದಿಲ್ಲ’ ಅನ್ನುತ್ತಾರೆ. ಎರಡೂ ನಿಜವಾದ ಕಷ್ಟಗಳೇ. ಆದರೆ ಎರಡೂ ಕಡೆಯ ಮಾತು ಬಂದು ನಿಲ್ಲುವುದು ಒಂದೇ ಲೆಕ್ಕಕ್ಕೆ: ದಿನಕ್ಕೆ ಎಷ್ಟು, ಕಿಲೋಗೆ ಎಷ್ಟು. ಇಪ್ಪತ್ತು ಮೂವತ್ತು ವರ್ಷ ಅದೇ ಕೆಲಸ ಮಾಡಿದ ಮೇಲೆ ಹಣ್ಣು ಕುಯ್ಯುವ ಹೆಂಗಸಿನ ಮೈಗೆ, ಬುದ್ಧಿಗೆ, ತನ್ನ ಬಗ್ಗೆ ತನಗಿರುವ ಗೌರವಕ್ಕೆ ಏನಾಗಿದೆ ಎಂದು ಯಾರೂ ಕೇಳುವುದಿಲ್ಲ.

ರಾಜಕೀಯ ತತ್ವಶಾಸ್ತ್ರ ಇದನ್ನು ಬಹಳ ಕಾಲದಿಂದ ಕೇಳುತ್ತಾ ಬಂದಿದೆ. ಅಲ್ಲಿ ಎರಡು ಪ್ರಶ್ನೆಗಳಿವೆ. ದುಡಿಮೆಯಿಂದ ಬಂದದ್ದನ್ನು ಹೇಗೆ ಹಂಚಬೇಕು ಎಂಬುದು ಒಂದು. ಆರ್ಥಿಕ ನ್ಯಾಯ ಎಂದಾಗ ನಮಗೆ ಥಟ್ಟನೆ ಹೊಳೆಯುವುದು ಇದೇ. ದುಡಿಮೆಯನ್ನೇ ಹೇಗೆ ಹಂಚಬೇಕು ಎಂಬುದು ಇನ್ನೊಂದು. ಬುದ್ಧಿ ಬೇಡುವ, ಕಲಿಯಲು ದಾರಿಯಿರುವ, ನಾಲ್ಕು ಜನ ಮೆಚ್ಚುವ ಕೆಲಸ ಯಾರಿಗೆ ಹೋಗಬೇಕು, ಸೊಂಟ ಮುರಿಯುವ, ಒಂದೇ ಥರದ, ಹೇಳಿದಷ್ಟು ಮಾಡುವ ಕೆಲಸ ಯಾರ ಪಾಲಿಗೆ ಬೀಳಬೇಕು? ಅರ್ಥಪೂರ್ಣ ಕೆಲಸದ ಚರ್ಚೆ ಎನ್ನುವುದು ಇದನ್ನೇ. ‘ಮೊದಲು ಕೂಲಿ ಸರಿಯಾಗಲಿ, ಉಳಿದದ್ದು ಆಮೇಲೆ ನೋಡೋಣ’ ಎನ್ನುವವರು ಈ ಎರಡನ್ನೂ ಬೇರೆ ಬೇರೆ ಮಾಡುತ್ತಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಕೆಲಸದ ಬಗ್ಗೆ ಬಾಯಿ ಬಿಡಲಾಗದವರಿಗೆ ಕೂಲಿಯ ಬಗ್ಗೆ ಬಾಯಿ ಬಿಡುವ ಶಕ್ತಿಯೂ ಬರುವುದಿಲ್ಲ.

ಮೊದಲು ಆಡಂ ಸ್ಮಿತ್‌ನನ್ನು ನೋಡೋಣ. ಮಾರುಕಟ್ಟೆಯ ಪರ ವಾದಿಸುವವರೆಲ್ಲ ಅವನ ಹೆಸರು ಹೇಳುತ್ತಾರೆ. 1776ರ ತನ್ನ ಪುಸ್ತಕದ ಆರಂಭದಲ್ಲೇ ಅವನು ಗುಂಡುಸೂಜಿ ಮಾಡುವ ಕಾರ್ಖಾನೆಯ ಕತೆ ಹೇಳುತ್ತಾನೆ. ಒಬ್ಬ ತಂತಿ ಎಳೆಯುತ್ತಾನೆ, ಇನ್ನೊಬ್ಬ ನೆಟ್ಟಗೆ ಮಾಡುತ್ತಾನೆ, ಮತ್ತೊಬ್ಬ ಕತ್ತರಿಸುತ್ತಾನೆ, ಮಗದೊಬ್ಬ ಮೊನೆ ಮಾಡುತ್ತಾನೆ. ಹೀಗೆ ಕೆಲಸ ಒಡೆದುಕೊಂಡ ಹತ್ತು ಜನ ದಿನಕ್ಕೆ 48,000 ಸೂಜಿ ಮಾಡುತ್ತಾರೆ. ಒಬ್ಬೊಬ್ಬನೇ ಕೂತು ಪೂರ್ತಿ ಸೂಜಿ ಮಾಡಿದರೆ ದಿನಕ್ಕೆ 20 ಕೂಡ ಆಗದು. ಪಠ್ಯಪುಸ್ತಕಗಳು ಇಷ್ಟು ಹೇಳಿ ಮುಗಿಸುತ್ತವೆ. ಅದೇ ಪುಸ್ತಕದ ಕೊನೆಯ ಭಾಗದಲ್ಲಿ ಸ್ಮಿತ್ ಬೇರೆಯದೇ ಮಾತು ಆಡುತ್ತಾನೆ. ಒಂದೆರಡು ಸರಳ ಕೆಲಸಗಳನ್ನೇ ಬದುಕಿಡೀ ಮಾಡುವವನಿಗೆ ಬುದ್ಧಿ ಓಡಿಸುವ ಸಂದರ್ಭವೇ ಬರುವುದಿಲ್ಲ. ಓಡಿಸದ ಬುದ್ಧಿ ಮಂಕಾಗುತ್ತದೆ. ಮಾತುಕತೆಯಲ್ಲಿ ರುಚಿ, ನ್ಯಾಯ ಅನ್ಯಾಯದ ವಿವೇಚನೆ, ದೇಶದ ವಿಷಯದಲ್ಲಿ ತೀರ್ಮಾನ ಮಾಡುವ ಶಕ್ತಿ ಎಲ್ಲವೂ ಕುಂದುತ್ತವೆ. ಸರ್ಕಾರ ಮುತುವರ್ಜಿ ವಹಿಸದಿದ್ದರೆ ದುಡಿಯುವ ಬಡವರ ಗತಿ ಇದೇ ಎಂದ ಸ್ಮಿತ್, ಇದಕ್ಕೆ ಮದ್ದಾಗಿ ಶಿಕ್ಷಣವನ್ನು ಸೂಚಿಸಿದ.

ಹಾಸನದ ಸುತ್ತಮುತ್ತಲ ಹಳ್ಳಿಗಳಿಂದ ಬೆಳಿಗ್ಗೆ ಬಸ್ಸು ಹತ್ತಿ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯರನ್ನು ನೋಡಿದಾಗ ಸ್ಮಿತ್‌ನ ಈ ಎರಡನೆಯ ಮಾತು ನೆನಪಾಗುತ್ತದೆ. ಒಬ್ಬಳಿಗೆ ಕಾಲರ್ ಮಾತ್ರ, ಇನ್ನೊಬ್ಬಳಿಗೆ ಕಫ್ ಮಾತ್ರ. ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್. ಒಂದು ಅಂಗಿಯನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಹೊಲಿಯುವ ಸಂದರ್ಭ ಅವಳಿಗೆ ಅಲ್ಲಿ ಬರುವುದಿಲ್ಲ. ಈ ಸಂಬಳದಿಂದ ಅವಳ ಮನೆಯಲ್ಲಿ ಅವಳ ಮಾತಿಗೆ ಬೆಲೆ ಬಂದಿರಬಹುದು. ಅದು ದೊಡ್ಡ ವಿಷಯ, ಅಲ್ಲಗಳೆಯಲಾರೆ. ಆದರೂ ಮನೆಯಲ್ಲಿ ಸಿಕ್ಕಿದ ಮಾತು ಕೆಲಸದ ಜಾಗದಲ್ಲಿ ಏಕೆ ಸಿಗಬಾರದು?

1844ರಲ್ಲಿ ಯುವಕ ಮಾರ್ಕ್ಸ್ ಬರೆದಿಟ್ಟ ಟಿಪ್ಪಣಿಗಳು ಅಚ್ಚಾದದ್ದು 1932ರಲ್ಲಿ. ದುಡಿಯುವವನು ನಾಲ್ಕು ರೀತಿಯಲ್ಲಿ ಪರಕೀಯನಾಗುತ್ತಾನೆ ಎಂದು ಅವನು ಅಲ್ಲಿ ವಿವರಿಸಿದ. ತಾನು ಮಾಡಿದ ವಸ್ತು ತನ್ನದಲ್ಲ. ಮಾಡುವ ಕ್ರಿಯೆಯೂ ತನ್ನ ಹಿಡಿತದಲ್ಲಿಲ್ಲ. ಯೋಚಿಸಿ, ಯೋಜಿಸಿ ಮಾಡುವ ಮನುಷ್ಯ ಸಹಜ ಶಕ್ತಿಗೆ ಅಲ್ಲಿ ಜಾಗವಿಲ್ಲ. ಕೊನೆಗೆ ಪಕ್ಕದಲ್ಲಿ ದುಡಿಯುವವನೂ ಪರಕೀಯನೇ. ಕಾಫಿ ತೋಟದಲ್ಲಿ ಇದನ್ನು ಅರ್ಥ ಮಾಡಿಕೊಳ್ಳಲು ಕಷ್ಟವಿಲ್ಲ. ಹಣ್ಣು ಕುಯ್ದವಳಿಗೆ ಅದು ಸಿಪ್ಪೆ ಬಿಡಿಸುವ ಪಲ್ಪರ್ ದಾಟಿ, ಕಣದಲ್ಲಿ ಒಣಗಿ, ಕ್ಯೂರಿಂಗ್‌ಗೆ ಹೋಗಿ ಯಾವ ಗ್ರೇಡ್ ಆಯಿತು, ಇಟಲಿಗೆ ಹೋಯಿತೋ ಜರ್ಮನಿಗೆ ಹೋಯಿತೋ ಎಂದು ಯಾರೂ ಹೇಳುವುದಿಲ್ಲ. ಸಂಜೆ ತೂಕದ ಹೊತ್ತಿಗೆ ತೋಟದ ಲೆಕ್ಕ ಬರೆಯುವ ರೈಟರು ಬರೆದುಕೊಳ್ಳುವ ಕಿಲೋ ಒಂದೇ ಅವಳಿಗೂ ಆ ಕಾಫಿಗೂ ಇರುವ ಸಂಬಂಧ. ಕಿಲೋ ಲೆಕ್ಕ ಬಂದ ಮೇಲೆ ಚೆನ್ನಾಗಿ ಕಟ್ಟಿದ ಗಿಡದ ಸಾಲು ಯಾರಿಗೆ ಸಿಕ್ಕಿತು ಎಂದು ಆಳುಗಳ ನಡುವೆ ಮುನಿಸು ಹುಟ್ಟುವುದನ್ನು ನೋಡಿದವರಿಗೆ ನಾಲ್ಕನೆಯ ಮಾತೂ ತಿಳಿಯುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ನ್ಯಾಯದ ಚರ್ಚೆಗೆ ಹೊಸ ಚೌಕಟ್ಟು ಹಾಕಿದವರು ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್. 1971ರ ತಮ್ಮ ಗ್ರಂಥದಲ್ಲಿ ಅವರು ಹೇಳಿದ್ದರ ತಿರುಳು ಇಷ್ಟು. ನೀವು ಯಾರ ಹೊಟ್ಟೆಯಲ್ಲಿ ಹುಟ್ಟುತ್ತೀರಿ, ತೋಟದ ಬಂಗಲೆಯಲ್ಲೋ ಆಳುಗಳ ಸಾಲುಮನೆಯಾದ ಲೈನ್ ಮನೆಯಲ್ಲೋ ಎಂದು ತಿಳಿಯದೆ ಸಮಾಜದ ನಿಯಮ ಮಾಡಬೇಕಾಗಿ ಬಂದರೆ ಎಂಥ ನಿಯಮ ಮಾಡುತ್ತೀರಿ? ಎಲ್ಲರಿಗಿಂತ ಕೆಳಗಿರುವವರ ಸ್ಥಿತಿ ಸುಧಾರಿಸುವಂತಿದ್ದರೆ ಮಾತ್ರ ಅಂತಸ್ತು ಆದಾಯಗಳಲ್ಲಿ ವ್ಯತ್ಯಾಸ ಇರಲಿ ಎನ್ನುತ್ತೀರಿ, ಏಕೆಂದರೆ ಆ ಕೆಳಗಿನವರು ನೀವೇ ಆಗಿರಬಹುದು. ಹಂಚಿಕೆಯಾಗಬೇಕಾದ ಮೂಲ ಸೌಲಭ್ಯಗಳ ಪಟ್ಟಿಯಲ್ಲಿ ಅವರು ಹಕ್ಕು, ಅವಕಾಶ, ಆದಾಯಗಳ ಜೊತೆಗೆ ಆತ್ಮಗೌರವದ ಸಾಮಾಜಿಕ ನೆಲೆಯನ್ನೂ ಇಟ್ಟರು. ಅದೇ ಬಹುಶಃ ಎಲ್ಲಕ್ಕಿಂತ ಮುಖ್ಯ ಎಂದರು. ಒಳ್ಳೆಯ ಸಮಾಜದಲ್ಲಿ ಯಾರೂ ಇನ್ನೊಬ್ಬರ ಅಡಿಯಾಳಾಗಿ ಇರಬೇಕಿಲ್ಲ, ಮನಸ್ಸು ಜಡವಾಗಿಸುವ ಕೆಲಸಗಳ ನಡುವೆಯೇ ಒಂದನ್ನು ಆರಿಸಿಕೊಳ್ಳಬೇಕಿಲ್ಲ ಎಂದೂ ಬರೆದರು. ಆದರೆ ಆ ದೊಡ್ಡ ಗ್ರಂಥದಲ್ಲಿ ಇದಕ್ಕೆ ಸಿಕ್ಕ ಜಾಗ ಬಹಳ ಸಣ್ಣದು. ಆತ್ಮಗೌರವಕ್ಕೆ ಅಷ್ಟು ಬೆಲೆ ಕೊಟ್ಟವರು ಅದು ದಿನದ ಎಂಟು ಗಂಟೆ ಎಲ್ಲಿ ಬೆಳೆಯುತ್ತದೆ ಅಥವಾ ಸಾಯುತ್ತದೆ ಎಂಬುದನ್ನು ಇನ್ನಷ್ಟು ನೋಡಬೇಕಿತ್ತು.

ಇದಕ್ಕೆ ಎದುರಾಗಿ 1974ರಲ್ಲಿ ಅಮೆರಿಕದ ಇನ್ನೊಬ್ಬ ತತ್ವಜ್ಞಾನಿ ರಾಬರ್ಟ್ ನೋಜಿಕ್ ಎತ್ತಿದ ಆಕ್ಷೇಪ ಗಟ್ಟಿಯಾದದ್ದು. ಅರ್ಥಪೂರ್ಣ ಕೆಲಸ ಬೇಕೆನ್ನುವವರು ಸ್ವಲ್ಪ ಕಡಿಮೆ ಸಂಬಳಕ್ಕೆ ಅದನ್ನು ಒಪ್ಪಿಕೊಳ್ಳಬಹುದಲ್ಲ? ಹಾಗೆ ಒಪ್ಪುವವರು ಸಾಕಷ್ಟು ಜನ ಇದ್ದರೆ ಅಂಥ ಕಾರ್ಖಾನೆಗಳು ತಾವಾಗಿಯೇ ಹುಟ್ಟುತ್ತವೆ. ಹುಟ್ಟಿಲ್ಲ ಎಂದರೆ ಜನರಿಗೆ ಸಂಬಳವೇ ಮುಖ್ಯ ಎಂದರ್ಥ. ಇದರ ಬೆನ್ನಿಗೆ ಇನ್ನೊಂದು ಆಕ್ಷೇಪವೂ ಇದೆ: ಯಾವ ಕೆಲಸ ಅರ್ಥಪೂರ್ಣ ಎಂದು ತೀರ್ಮಾನಿಸಲು ಸರ್ಕಾರ ಯಾರು? ಒಬ್ಬನಿಗೆ ತಲೆಬಿಸಿ ಇಲ್ಲದ ಕೆಲಸವೇ ಇಷ್ಟ. ಸಂಜೆ ಭಜನೆಯಲ್ಲೋ, ಮಕ್ಕಳ ಜೊತೆಯಲ್ಲೋ ಅವನ ಬದುಕಿಗೆ ಅರ್ಥ ಸಿಗುತ್ತದೆ.

ಎರಡನೆಯ ಆಕ್ಷೇಪದಲ್ಲಿ ಸತ್ಯವಿದೆ. ಯಾರಿಗೂ ‘ನಿನ್ನ ಕೆಲಸಕ್ಕೆ ಅರ್ಥವಿಲ್ಲ’ ಎಂದು ಹೇಳುವ ಅಧಿಕಾರ ಇನ್ನೊಬ್ಬರಿಗಿಲ್ಲ. ಆದರೆ ನೋಜಿಕ್‌ರ ಲೆಕ್ಕ ನಿಲ್ಲಬೇಕಾದರೆ ಕೆಲಸಗಾರನ ಮುಂದೆ ನಿಜವಾದ ಎರಡು ದಾರಿ ಇರಬೇಕು. ಲೈನ್ ಮನೆಯಲ್ಲಿರುವ ಸಂಸಾರವನ್ನು ನೆನೆಯಿರಿ. ಮದುವೆಗೋ ಆಸ್ಪತ್ರೆಗೋ ತೆಗೆದುಕೊಂಡ ಮುಂಗಡ ಇದೆ. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಮಕ್ಕಳ ಶಾಲೆ, ರೇಷನ್ ಅಂಗಡಿ, ನೆಂಟರಿಷ್ಟರು ಎಲ್ಲ ಅಲ್ಲೇ. ಇಂಥವರು ‘ಕಡಿಮೆ ಕೂಲಿ ಕೊಡಿ, ಒಳ್ಳೆಯ ಕೆಲಸ ಕೊಡಿ’ ಎಂದು ಚೌಕಾಸಿ ಮಾಡಲಿಲ್ಲವಾದ್ದರಿಂದ ಅವರಿಗೆ ಒಳ್ಳೆಯ ಕೆಲಸ ಬೇಡವಾಗಿತ್ತು ಎನ್ನುವುದು ಎಂಥ ತರ್ಕ?

1982ರಲ್ಲಿ ಅಡೀನಾ ಶ್ವಾರ್ಟ್ಸ್ ಎಂಬ ತತ್ವಜ್ಞೆ ಇನ್ನೂ ಆಳಕ್ಕೆ ಹೋದರು. ಉದಾರವಾದಿ ಸಮಾಜ ಎಲ್ಲರೂ ತಂತಮ್ಮ ಬದುಕನ್ನು ತಾವೇ ರೂಪಿಸಿಕೊಳ್ಳಲಿ ಎನ್ನುತ್ತದೆ. ಆದರೆ ಗುರಿಯನ್ನೂ ದಾರಿಯನ್ನೂ ಮೇಲಿನವರೇ ನಿರ್ಧರಿಸಿ, ಕೈಯನ್ನಷ್ಟೇ ಬಳಸಿಕೊಳ್ಳುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವರಿಗೆ ತಾವೇ ಯೋಚಿಸಿ ತೀರ್ಮಾನಿಸುವ ಅಭ್ಯಾಸವೇ ತಪ್ಪಿಹೋಗುತ್ತದೆ. ಅದು ಕೆಲಸ ಬಿಟ್ಟು ಮನೆಗೆ ಬಂದ ಮೇಲೂ ಮುಂದುವರಿಯುತ್ತದೆ. ಇದಕ್ಕೆ ಪುರಾವೆಯೂ ಇದೆ. ಮೆಲ್ವಿನ್ ಕೋನ್ ಮತ್ತು ಕಾರ್ಮಿ ಸ್ಕೂಲರ್ ಎಂಬ ಸಮಾಜವಿಜ್ಞಾನಿಗಳು ಅಮೆರಿಕದಲ್ಲಿ 1964ರಲ್ಲಿ ಮಾತಾಡಿಸಿದ್ದ ಗಂಡಸರಲ್ಲಿ ಹಲವರನ್ನು 1974ರಲ್ಲಿ ಮತ್ತೆ ಮಾತಾಡಿಸಿದರು. ಸ್ವಂತ ವಿವೇಚನೆ ಬೇಡುವ ಕೆಲಸದಲ್ಲಿದ್ದವರ ಬುದ್ಧಿ ಹೆಚ್ಚು ಚುರುಕಾಗುವುದು, ಅಂಥ ಅವಕಾಶವಿಲ್ಲದವರದು ಕುಗ್ಗುವುದು ಅವರಿಗೆ ಕಂಡಿತು. ಸ್ಮಿತ್ ಊಹಿಸಿದ್ದು ಇದನ್ನೇ. ಹಾಗಿದ್ದರೆ ಆತ್ಮಗೌರವದ ಹಾಗೆ ಈ ಶಕ್ತಿಯ ಹಂಚಿಕೆಯೂ ನ್ಯಾಯದ ವಿಷಯವೇ. ಅದನ್ನು ವ್ಯಕ್ತಿಯ ರುಚಿಗೆ ಬಿಟ್ಟು ಕೈತೊಳೆದುಕೊಳ್ಳಲು ಬರುವುದಿಲ್ಲ.

ತೋಟದ ಕೆಲಸವೆಲ್ಲ ಒಂದೇ ಎಂದು ದೂರದಿಂದ ನೋಡಿದವರು ತಿಳಿಯುತ್ತಾರೆ. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡುವವನನ್ನು ನೋಡಿ. ಕತ್ತಿ ಹಿಡಿದು ಮರ ಹತ್ತಿ, ಕೆಳಗಿನ ಕಾಫಿಗೆ ಎಷ್ಟು ಬಿಸಿಲು ಬೀಳಬೇಕೆಂದು ಅಂದಾಜು ಮಾಡಿ, ಯಾವ ಕೊಂಬೆ ಕಡಿಯಬೇಕು ಯಾವುದು ಬಿಡಬೇಕು ಎಂದು ಅಲ್ಲೇ ನಿರ್ಧರಿಸುತ್ತಾನೆ. ಅಪಾಯ ಹೆಚ್ಚು, ಕೂಲಿಯೂ ಹೆಚ್ಚು, ಮರ್ಯಾದೆಯೂ ಇದೆ. ಅದು ಗಂಡಸರ ಕೆಲಸವೆಂದೇ ನಡೆದುಬಂದಿದೆ.

ಈಗ ಬೋರರ್ ಗಿಡ ಹುಡುಕುವುದನ್ನು ನೋಡಿ. ಅರೇಬಿಕಾ ಜಾತಿಯ ಕಾಫಿಗೆ ದೊಡ್ಡ ಶತ್ರು ಈ ಬಿಳಿ ಕಾಂಡಕೊರಕ. ಹುಳ ಕಾಂಡದ ಒಳಗೆ ತಿಂಗಳುಗಟ್ಟಲೆ ಕೊರೆಯುತ್ತಾ ಇರುತ್ತದೆ, ಹೊರಗೆ ಕಾಣುವುದಿಲ್ಲ. ಅದು ದುಂಬಿಯಾಗಿ ಹೊರಬೀಳುವುದು ಏಪ್ರಿಲ್–ಮೇನಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದಕ್ಕೆ ಮೊದಲೇ ರೋಗದ ಗಿಡ ಪತ್ತೆ ಮಾಡಿ ಕಿತ್ತು ಸುಡದಿದ್ದರೆ ಅಕ್ಕಪಕ್ಕದ ಗಿಡಗಳಿಗೂ ಹತ್ತುತ್ತದೆ. ಪತ್ತೆ ಮಾಡುವುದು ಹೇಗೆ? ಎಲೆ ಚೂರು ಹಳದಿಗೆ ತಿರುಗಿ ಬಾಡಿದಂತಿರುತ್ತದೆ. ಕಾಂಡದ ತೊಗಟೆಯ ಮೇಲೆ ಬೆರಳಿಗೆ ಸಿಗುವಂಥ ಉಬ್ಬಿದ ಗೆರೆ ಇರುತ್ತದೆ. ಗೊಬ್ಬರ ಸಾಲದೆ ಬಂದ ಹಳದಿ ಯಾವುದು, ಹುಳದ ಹಳದಿ ಯಾವುದು ಎಂದು ಬೇರ್ಪಡಿಸಲು ಬಹಳ ವರ್ಷದ ಕಣ್ಣು ಬೇಕು. ನಮ್ಮ ಸೀಮೆಯ ತೋಟಗಳಲ್ಲಿ ಅಂಥ ಕಣ್ಣಿರುವ ಹೆಂಗಸರಿದ್ದಾರೆ. ಒಬ್ಬ ಅಕ್ಕ ಗಿಡದ ಬುಡಕ್ಕೆ ಬಾಗಿ ಹೆಬ್ಬೆರಳಿನಿಂದ ಕಾಂಡ ಸವರಿ ‘ಇದು ಹೋಯ್ತು’ ಎಂದು ಗುರುತು ಕಟ್ಟಿ ಮುಂದೆ ಹೋಗುವುದನ್ನು ನಾನು ಬೆರಗಿನಿಂದ ನೋಡಿದ್ದೇನೆ. ಆ ದಿನದ ಹಾಜರಿಯಲ್ಲಿ ಅವಳಿಗೆ ಬೀಳುವ ಕೂಲಿ ಕಳೆ ತೆಗೆಯುವ ದಿನ ಬೀಳುವಷ್ಟೇ. ತೋಟದ ಯಾವ ಬ್ಲಾಕಿನಲ್ಲಿ ನೆರಳು ಕಡಿಮೆಯಾಗಿ ಬೋರರ್ ಜಾಸ್ತಿಯಾಯಿತು ಎಂದು ಅವಳಿಗೆ ಗೊತ್ತು. ಮುಂದಿನ ವರ್ಷದ ಮರಗಸಿ ಹೇಗಿರಬೇಕೆಂದು ಯೋಚಿಸುವಾಗ ಅವಳನ್ನು ಕರೆದು ಕೇಳುವ ವಾಡಿಕೆ ಇಲ್ಲ.

ಕೆಲಸಕ್ಕೆ ಅರ್ಥ ಹೊರಗಿನಿಂದ ತಂದು ತುಂಬಬೇಕಿಲ್ಲ, ಅದು ಇಲ್ಲಿ ಆಗಲೇ ಇದೆ. ಕಣ್ಣು, ಅನುಭವ, ವಿವೇಚನೆ ಎಲ್ಲ ಇವೆ. ಆ ತಿಳಿವಳಿಕೆಗೆ ಹೆಸರಿಲ್ಲ, ಕೂಲಿಯಿಲ್ಲ, ತೀರ್ಮಾನದಲ್ಲಿ ಪಾಲಿಲ್ಲ. ಅರ್ಥದ ಪ್ರಶ್ನೆಯನ್ನೂ ಕೂಲಿಯ ಪ್ರಶ್ನೆಯನ್ನೂ ಬೇರೆ ಬೇರೆ ಮಾಡಲಾಗದು ಎಂದು ನಾನು ಅಂದದ್ದು ಇದಕ್ಕೇ.

ಬೇಡ ಎನ್ನುವ ಶಕ್ತಿಯೂ ಇದರ ಭಾಗ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಕಾಡಾನೆ ತೋಟಕ್ಕೆ ಇಳಿದ ಬೆಳಿಗ್ಗೆ ಕೆಲಸಕ್ಕೆ ಹೋದವರು ಪ್ರಾಣ ಕಳೆದುಕೊಂಡಿದ್ದಾರೆ. ಆನೆ ಹತ್ತಿರವಿದೆ ಎಂದು ಗೊತ್ತಿದ್ದಾಗ ‘ಇವತ್ತು ಆ ಬ್ಲಾಕಿಗೆ ಬರೋದಿಲ್ಲ’ ಎಂದರೆ ಹಾಜರಿ ಹೋಗುತ್ತದೆಯೋ ಉಳಿಯುತ್ತದೆಯೋ? ಅಮೆರಿಕದ ತತ್ವಜ್ಞೆ ಎಲಿಜಬೆತ್ ಆಂಡರ್‌ಸನ್ 2017ರ ಪುಸ್ತಕದಲ್ಲಿ ಕೆಲಸದ ಜಾಗವನ್ನು ಒಂದು ಸರ್ಕಾರದಂತೆ ನೋಡಬೇಕು ಎಂದರು. ಅಲ್ಲಿ ಆಜ್ಞೆಯಿದೆ, ಶಿಕ್ಷೆಯಿದೆ, ಆಳಿಸಿಕೊಳ್ಳುವವರಿಗೆ ಮಾತ್ರ ಮತವಿಲ್ಲ. ಕೆಲಸದ ಜೊತೆ ಮನೆಯೂ ಮಾಲೀಕರದೇ ಆಗಿರುವ ಕಡೆ ಈ ಮಾತಿನ ತೂಕ ಇನ್ನೂ ಹೆಚ್ಚು.

ಇಲ್ಲಿಯವರೆಗೆ ಹೇಳಿದ ಪಾಶ್ಚಾತ್ಯ ಚರ್ಚೆಗೆ ಸಿಗದ ಒಂದು ಸಂಗತಿ ನಮ್ಮಲ್ಲಿದೆ. 1936ರಲ್ಲಿ ಅಂಬೇಡ್ಕರ್ ಅದನ್ನು ಒಂದೇ ಏಟಿಗೆ ಬಿಡಿಸಿಟ್ಟರು: ಜಾತಿ ಎಂದರೆ ಬರೀ ಶ್ರಮದ ವಿಭಜನೆಯಲ್ಲ, ಶ್ರಮಿಕರ ವಿಭಜನೆ. ಸ್ಮಿತ್‌ನ ಕಾರ್ಖಾನೆಯಲ್ಲಿ ತಂತಿ ಎಳೆಯುವವನ ಮಗ ತಂತಿಯನ್ನೇ ಎಳೆಯಬೇಕೆಂದಿಲ್ಲ. ತತ್ವಜ್ಞಾನಿಗೂ ಬೀದಿಯ ಹಮಾಲಿಗೂ ಇರುವ ವ್ಯತ್ಯಾಸ ಹುಟ್ಟಿನಿಂದ ಬಂದದ್ದಕ್ಕಿಂತ ರೂಢಿ, ಶಿಕ್ಷಣಗಳಿಂದ ಬಂದದ್ದು ಎಂದು ಸ್ಮಿತ್ ಸ್ವತಃ ಬರೆದಿದ್ದ. ಜಾತಿ ಇದಕ್ಕೆ ತದ್ವಿರುದ್ಧ. ಯಾರು ಯಾವ ಕೆಲಸ ಮಾಡಬೇಕು ಎಂಬುದು ಹುಟ್ಟುವ ಮೊದಲೇ ತೀರ್ಮಾನ, ಮೇಲಾಗಿ ಆ ಕೆಲಸಗಳಿಗೆ ಮೇಲು ಕೀಳಿನ ಮೆಟ್ಟಿಲು. ತಾನು ಆರಿಸಿಕೊಳ್ಳದ, ಜನ ಹೇಸುವ ಕೆಲಸದಲ್ಲಿ ಮನಸ್ಸೂ ನಿಲ್ಲದು ಬುದ್ಧಿಯೂ ನಿಲ್ಲದು ಎಂಬ ಅಂಬೇಡ್ಕರ್ ವಾದ ಅರ್ಥಪೂರ್ಣ ಕೆಲಸದ ಬಗ್ಗೆ ಈ ದೇಶದಲ್ಲಿ ಬಂದ ಅತ್ಯಂತ ಹರಿತವಾದ ವಾದ. ಮಲೆನಾಡಿನ ತೋಟಗಳಲ್ಲಿ ಲೈನ್ ಮನೆಯಲ್ಲಿ ಹೆಚ್ಚಾಗಿ ಯಾರಿದ್ದಾರೆ, ರೈಟರ ಪುಸ್ತಕ ಹೆಚ್ಚಾಗಿ ಯಾರ ಕೈಯಲ್ಲಿದೆ ಎಂದು ಇಲ್ಲಿಯವರಿಗೆ ನಾನು ಹೇಳಬೇಕಿಲ್ಲ.

ಅಂಬೇಡ್ಕರರಿಗೂ ಸುಮಾರು ಎಂಟು ನೂರು ವರ್ಷ ಮೊದಲು ಶರಣರು ಮಡಿವಾಳ, ಅಂಬಿಗ, ಸಮಗಾರರ ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದರು. ಇಂದು ‘ಕಾಯಕವೇ ಕೈಲಾಸ’ ಎಂಬ ಫಲಕ ಕಚೇರಿ, ಕಾರ್ಖಾನೆಗಳ ಗೋಡೆಯ ಮೇಲೆಲ್ಲ ಇದೆ. ಸಂಬಳ ಕೇಳಿದವರಿಗೆ ಆ ಫಲಕ ತೋರಿಸುವುದು ಶರಣರಿಗೆ ಮಾಡುವ ಅಪಚಾರ. ಅವರಲ್ಲಿ ಕಾಯಕದ ಜೊತೆ ದಾಸೋಹ ಇತ್ತು. ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳು. ಹೆಚ್ಚಾದದ್ದು ಸಮುದಾಯದ್ದೇ ಹೊರತು ಒಬ್ಬರ ತಿಜೋರಿಯದಲ್ಲ ಎಂಬ ತಿಳಿವಳಿಕೆ ಅದು. ಕಾಯಕದ ಮಾತನ್ನು ಇಟ್ಟುಕೊಂಡು ದಾಸೋಹದ ಮಾತನ್ನು ಬಿಟ್ಟರೆ ಉಳಿಯುವುದು ಬಿಟ್ಟಿ ದುಡಿಮೆ.

ಕೆಲಸ ಹಂಚಿಕೆಯ ಬಗ್ಗೆ ತತ್ವಜ್ಞಾನಿ ಪಾಲ್ ಗೊಂಬರ್ಗ್ 2007ರಲ್ಲಿ ಮಂಡಿಸಿದ ವಾದವೂ ಇದಕ್ಕೆ ಹತ್ತಿರದ್ದು. ಒಳ್ಳೆಯ ಹುದ್ದೆಗಳು ಕೆಲವೇ ಇದ್ದಾಗ ಸಮಾನ ಅವಕಾಶ ಎಷ್ಟೇ ಕೊಟ್ಟರೂ ಬಹುಪಾಲು ಜನ ಸೋಲಲೇಬೇಕು. ಪಂದ್ಯ ನ್ಯಾಯವಾಗಿ ನಡೆದರೂ ಸೋತವರ ಬದುಕಿಡೀ ಬೇಸರದ ಕೆಲಸಕ್ಕೇ ಮೀಸಲು. ಆದ್ದರಿಂದ ಬೇಸರದ ಕೆಲಸವನ್ನೇ ಎಲ್ಲರೂ ಸ್ವಲ್ಪ ಸ್ವಲ್ಪ ಹಂಚಿಕೊಳ್ಳಲಿ, ಆಗ ಕಲಿಯುವ ಕೆಲಸಕ್ಕೂ ಎಲ್ಲರಿಗೂ ಜಾಗ ಸಿಗುತ್ತದೆ ಎಂದರು. ಬೇಲೂರಿನ ದೇವಸ್ಥಾನದ ಕೆತ್ತನೆಗಳ ಕೆಳಗೆ ಬಳ್ಳಿಗಾವಿಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿಕೊಂಡಿದ್ದಾರೆ. ನುಗ್ಗೇಹಳ್ಳಿಯಲ್ಲಿ ಮಲ್ಲಿತಮ್ಮನ ಹೆಸರಿದೆ. ಮಾಡಿದ ಕೆಲಸಕ್ಕೆ ತನ್ನ ಹೆಸರು ಹಾಕುವಷ್ಟು ಹೆಮ್ಮೆ ಅವರಿಗಿತ್ತು, ಹಾಕಲು ಬಿಟ್ಟ ಸಮಾಜವೂ ಇತ್ತು. ಆ ಬಳಪದ ಕಲ್ಲನ್ನು ಗಣಿಯಿಂದ ಎಬ್ಬಿಸಿ ಎಳೆದು ತಂದವರಿಗೆ ಉಳಿ ಹಿಡಿಯುವ ಅವಕಾಶ ಸಿಕ್ಕಿತ್ತೇ ಎಂಬುದು ಗೊಂಬರ್ಗ್ ವಾದ ಇಲ್ಲಿ ಎತ್ತುವ ಪ್ರಶ್ನೆ. ಹೃದಯದ ಆಪರೇಷನ್ ಮಾಡುವವರು ವಾರ್ಡಿನ ನೆಲವನ್ನೂ ಒರೆಸಬೇಕೇ ಎಂದು ಟೀಕಾಕಾರರು ಕೇಳಿದ್ದಾರೆ. ಪೂರ್ತಿ ಹಂಚಿಕೆ ನಡೆಯದ ಮಾತು ಎಂದೇ ನನಗೂ ಅನ್ನಿಸುತ್ತದೆ. ಆದರೆ ಕುಯ್ಯುವ ಹೆಂಗಸಿಗೆ ಪಲ್ಪರ್ ನಡೆಸಲು, ಹಾಜರಿ ಬರೆಯಲು, ಕಾಫಿಯ ಗುಣ ನೋಡಲು ಕಲಿಸುವುದಕ್ಕೆ ಆ ಟೀಕೆ ಅಡ್ಡ ಬರುವುದಿಲ್ಲ.

ನಮ್ಮ ಸಂವಿಧಾನ ಈ ವಿಷಯದಲ್ಲಿ ಬಹಳ ಮುಂದಿದೆ. 43ನೇ ವಿಧಿ ಜೀವನಕ್ಕೆ ಸಾಲುವ ವೇತನದ ಜೊತೆಗೇ ವಿರಾಮವನ್ನೂ ಸಾಮಾಜಿಕ, ಸಾಂಸ್ಕೃತಿಕ ಅವಕಾಶಗಳನ್ನೂ ಹೇಳುತ್ತದೆ. 1976ರಲ್ಲಿ ಸೇರಿದ 43ಎ ವಿಧಿ ಉದ್ಯಮದ ಆಡಳಿತದಲ್ಲಿ ಕೆಲಸಗಾರರ ಪಾಲ್ಗೊಳ್ಳುವಿಕೆಯನ್ನು ಹೇಳುತ್ತದೆ. ಕೋರ್ಟಿಗೆ ಹೋಗಿ ಜಾರಿ ಮಾಡಿಸಲಾಗದ ನಿರ್ದೇಶಕ ತತ್ವಗಳಾದ್ದರಿಂದ ಇವು ಹೆಚ್ಚಾಗಿ ಪುಸ್ತಕದಲ್ಲೇ ಉಳಿದವು. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಕುಡಿಯುವ ನೀರು, ವೈದ್ಯಕೀಯ, ಶಿಶುವಿಹಾರಗಳನ್ನು ಕಡ್ಡಾಯ ಮಾಡಿತು, ಅದು ದೊಡ್ಡ ಹೆಜ್ಜೆ. ಆದರೆ 1981ರ ತಿದ್ದುಪಡಿಯ ನಂತರವೂ ಅದು ಅನ್ವಯಿಸುತ್ತಿದ್ದದ್ದು 5 ಹೆಕ್ಟೇರ್ ಮತ್ತು 15 ಕೆಲಸಗಾರರಿಗೆ ಕಡಿಮೆಯಿಲ್ಲದ ತೋಟಗಳಿಗೆ. ನಮ್ಮಲ್ಲಿ ಬಹುಪಾಲು ಕಾಫಿ ಹಿಡುವಳಿಗಳು ಸಣ್ಣವು.

ಆ ಸಣ್ಣ ಬೆಳೆಗಾರರ ಮಾತನ್ನೂ ಕೇಳಬೇಕು. ಮೂರು ನಾಲ್ಕು ಎಕರೆಯವನು ಆಳಿನ ಜೊತೆ ತಾನೂ ಬುಟ್ಟಿ ಕಟ್ಟಿಕೊಂಡು ಕುಯ್ಯುತ್ತಾನೆ. ಅವನ ಅರೇಬಿಕಾಕ್ಕೆ ಬೆಲೆ ಕಟ್ಟುವುದು ನ್ಯೂಯಾರ್ಕ್, ರೊಬಸ್ಟಾಕ್ಕೆ ಲಂಡನ್. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದಾಗ, ಮತ್ತೆ 2000ದ ಆಚೀಚೆ, ಬೆಲೆ ಕುಸಿದು ಇಲ್ಲಿಯ ಮನೆಗಳು ಸಾಲಕ್ಕೆ ಬಿದ್ದದ್ದನ್ನು ಹಿರಿಯರು ಮರೆತಿಲ್ಲ. ಅವನ ಬದುಕನ್ನೂ ಅವನ ಮಾತು ಕೇಳದ ಯಾರೋ ನಿರ್ಧರಿಸುತ್ತಿದ್ದಾರೆ. ಕೂಲಿ ಏರಿಸುವ ಹೊರೆಯನ್ನು ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಾಗದು. ಕಪ್ಪಿಗೆ ನೂರಾರು ರೂಪಾಯಿ ಕೊಡುವ ಪೇಟೆಯವರೆಗೂ ಆ ಲೆಕ್ಕ ಹೋಗಬೇಕು. ರಾಲ್ಸ್ ತಮ್ಮ ಕೊನೆಯ ವರ್ಷಗಳಲ್ಲಿ, ಎಲ್ಲೂ ಕೆಲಸ ಸಿಗದವರಿಗೆ ಕೊನೆಯ ಆಸರೆಯಾಗಿ ಸರ್ಕಾರ ಕೆಲಸ ಕೊಡಬೇಕೆಂದರು. 2005ರಲ್ಲಿ ನಮ್ಮ ದೇಶ ವರ್ಷಕ್ಕೆ 100 ದಿನದ ಉದ್ಯೋಗ ಖಾತರಿಯ ಕಾಯ್ದೆ ಮಾಡಿದ್ದರ ಹಿಂದೆಯೂ ಅಂಥದೇ ಯೋಚನೆ. ಬೇರೆ ಕೆಲಸ ಇದೆ ಎಂದಾದಾಗಲೇ ತೋಟದ ಆಳಿಗೆ ಚೌಕಾಸಿಯ ಬಲ ಬರುವುದು.

ಆದರೆ ಲಂಡನ್ ಬೆಲೆಗೆ ಕಾಯಬೇಕಿಲ್ಲದ ಕೆಲಸಗಳೂ ಇವೆ. ಬೋರರ್ ಹುಡುಕುವ ದಿನಕ್ಕೆ ಮರಗಸಿಯಂತೆ ಬೇರೆ ಕೂಲಿ ಗೊತ್ತು ಮಾಡಬಹುದು. ಆನೆ ಇರುವ ಬ್ಲಾಕಿಗೆ ಬರುವುದಿಲ್ಲ ಎಂದವರ ಹಾಜರಿ ಕಡಿಯುವುದಿಲ್ಲ ಎಂದು ಕುಯ್ಲು ಶುರುವಾಗುವ ಮೊದಲೇ ಹೇಳಬಹುದು. ಸಂಜೆ ತೂಕವಾದ ಮೇಲೆ ಕಿಲೋ ಬರೆದ ಪುಸ್ತಕವನ್ನು ಕುಯ್ದವರ ಮುಂದೆ ತಿರುಗಿಸಿ ಇಡಬಹುದು. ಮಳೆಗಾಲಕ್ಕೆ ಮುಂಚೆ ಯಾವ ಬ್ಲಾಕಿನ ನೆರಳು ಎಷ್ಟು ತೆಗೆಯಬೇಕೆಂದು ಮಾತಾಡುವಾಗ ಮೇಸ್ತ್ರಿಯ ಜೊತೆ ಆ ಅಕ್ಕನನ್ನೂ ಕರೆದು ಕೂರಿಸಬಹುದು. ಅವಳು ಹೇಳಿದ್ದು ಸರಿಯಾಗಿ ಒಂದಿಷ್ಟು ಗಿಡ ಉಳಿದರೆ ಆ ಉಳಿತಾಯದಲ್ಲಿ ಅವಳ ಪಾಲು ಎಷ್ಟೆಂದು ಆಗಲೇ ಮಾತಾಡಿಕೊಳ್ಳಬಹುದು.